‘ಆಗಲ್ಲ’ ಅನ್ನದ ಕಸುಬು

೧೪ ಮಾರ್ಚ್, ಗುರುವಾರ

ಲೋಕಕ್ಕೆಲ್ಲ ತಿಳಿಯಪಡಿಸುವುದೇನೆಂದರೆ, ಇಂದು ನನ್ನ ಕಚೇರಿಯ ಕುರ್ಚಿಗೆ ಹೊಸ ಚಕ್ರ ಬಂತು. ಈಗ ಅದು ನನ್ನ ಮಾತಿನಷ್ಟೇ ನುಣ್ಣಗೆ ಜಾರುತ್ತದೆ.

ಪರರ ಹಣ ಕೂಡಿಸಿ ಸ್ಟಾರ್ಟಪ್‌ಗಳಲ್ಲಿ ಹೂಡುವ ನಾವು ಯಾರಿಗೂ ‘ಆಗಲ್ಲ’ ಅನ್ನುವುದಿಲ್ಲ. ಮುಂದೆ ಅವರು ಗೆದ್ದರೆ ಬಾಗಿಲು ತೆರೆದಿರಬೇಕಲ್ಲ! ಕಿವಿ ಕೇಳದವರಿಗೆ ಯಂತ್ರ ಮಾಡುತ್ತಿದ್ದ ಎಂಜಿನಿಯರ್ ಹುಡುಗಿಗೂ ಎರಡು ವರ್ಷ ‘ಇನ್ನೂ ಸ್ವಲ್ಪ ಬೆಳೀರಿ, ನೋಡೋಣ’ ಎಂದೇ ಬರೆದೆ. ಹಣ ಹಾಕುವುದು ಬೇಡವೆಂದು ಮೊದಲ ದಿನವೇ ತೀರ್ಮಾನಿಸಿದ್ದೆವು.

ಇಂದು ಕಂಪನಿಗೆ ಬೀಗ ಹಾಕಿ ಫೋನ್ ಮಾಡಿದಳು. “ಆಗಲ್ಲ ಅಂದಿದ್ರೆ ಸಾಕಿತ್ತು ಸಾರ್. ನಿಮ್ಮನ್ನ ನಂಬ್ಕೊಂಡು ಅಮ್ಮನ ಮನೆ ಮಾರಿಬಿಟ್ಟೆ.”

“ನೋಡೋಣಮ್ಮ” ಎಂದೆ.

ಬೆಳಿಗ್ಗೆ ಇದನ್ನು ಓದುವ ಮಹಾಶಯನೇ, ಅಂದರೆ ನಾನೇ, ನಾವು ಬೇಡವೆಂದು ಆಗಲೇ ತೀರ್ಮಾನಿಸಿರುವ ಇನ್ನೊಂದು ಸ್ಟಾರ್ಟಪ್‌ನ ಅಣ್ಣ-ತಂಗಿ ಹತ್ತಕ್ಕೆ ಹಣ ಕೇಳಲು ಬರುತ್ತಾರೆ. ದಯವಿಟ್ಟು, ಕಾಫಿ ತರಿಸುವ ಮೊದಲೇ ಹೇಳಿಬಿಡು.