ರಾಟೆ ಕೆಟ್ಟಿರಲಿಲ್ಲ

ಧ್ವಜ ವಿಭಾಗದ ಮುಖ್ಯಾಧಿಕಾರಿಗಳೇ,

ಮೂರು ವಾರದಿಂದ ನನಗೆ ಒಂದೇ ಕನಸು. ಕಚೇರಿ ಮುಂದಿನ ಕಂಬಕ್ಕೆ ಬಾವುಟ ಏರಿಸುತ್ತಿದ್ದೇನೆ, ಹಗ್ಗ ಎಳೆದಷ್ಟೂ ಬರುತ್ತಲೇ ಇದೆ. ಕತ್ತೆತ್ತಿ ನೋಡಿದರೆ ಬಾವುಟವಿಲ್ಲ, ಒದ್ದೆ ಅಂಗಿಯೊಂದು ಮೇಲಕ್ಕೆ ಹೋಗುತ್ತಿದೆ, ಸುತ್ತ ನಿಂತವರೆಲ್ಲ ಸೆಲ್ಯೂಟ್ ಹೊಡೆಯುತ್ತಿದ್ದಾರೆ. ಬೆವೆತು ಎದ್ದು ಕೂರುತ್ತೇನೆ. ನನ್ನ ಕನಸಿಗೆ ನೀವು ಹೊಣೆಯಲ್ಲ, ಬಿಡಿ. ಆದರೆ ನಿಮ್ಮ ವಿಚಾರಣಾ ವರದಿಯ ಒಂದು ಸಾಲಿಗೆ ನೀವೂ ಹೊಣೆ, ನಾನೂ ಹೊಣೆ: ‘ರಾಟೆಯಲ್ಲಿ ಹಗ್ಗ ಸಿಕ್ಕಿಕೊಂಡ ಕಾರಣ ಧ್ವಜವು ಅರ್ಧದಲ್ಲಿ ನಿಂತಿತು.’ ಅದು ಸುಳ್ಳು. ಕೆಳಗಿರುವ ಸಹಿ ನನ್ನದು.

ಇಪ್ಪತ್ತೊಂದು ವರ್ಷದಿಂದ ಆ ಕಚೇರಿಯಲ್ಲಿ ಬೆಳಿಗ್ಗೆ ಬಾವುಟ ಏರಿಸಿ ಸಂಜೆ ಇಳಿಸುವ ಜವಾನ ನಾನು. ಓದು ಏಳನೇ ಕ್ಲಾಸಿಗೇ ನಿಂತಿತು, ತಪ್ಪು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮನೆಗೆ ಬೀಗ ಹಾಕಿ, ಬೀದಿ ತುದಿಯಿಂದ ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುವ ಗಿರಾಕಿ. ತಿಂಗಳಿಗೊಮ್ಮೆ ಏಣಿ ಹಾಕಿಸಿ ರಾಟೆಗೆ ಎಣ್ಣೆ ಬಿಡುತ್ತೇನೆ. ಇಂಥವನ ರಾಟೆ ಸಿಕ್ಕಿಕೊಂಡಿತು ಎಂದರೆ ನಂಬುತ್ತೀರಾ?

ಆ ದಿನ ಕಚೇರಿ ಹಿಂದಿನ ನೆಲದಡಿಯ ನೀರಿನ ತೊಟ್ಟಿ ತೊಳೆಯಲು ಇಳಿದ ಗುತ್ತಿಗೆಯಾಳು ಉಸಿರುಗಟ್ಟಿ ಸತ್ತ. ಎತ್ತರದ ಆಳು, ಎಲ್ಲರೂ ಉದ್ದಣ್ಣ ಎನ್ನುತ್ತಿದ್ದೆವು. “ನಿಂಗೇನಪ್ಪ, ಏಣಿ ಇಲ್ದೆ ಬಾವುಟ ಕಟ್ತೀಯ” ಎಂದು ನಾನು ರೇಗಿಸಿದರೆ, “ಏನು ಮಾಡೋದಣ್ಣ, ಇವ್ರು ನನ್ನ ಕೆಳಗೇ ಇಳಿಸ್ತಾರಲ್ಲ” ಎನ್ನುತ್ತಿದ್ದ. ಹತ್ತೂವರೆಗೆ ಹೆಣ ಎತ್ತಿದರು. ಗಾಡಿ ಬರುವ ತನಕ ಬಾವುಟದ ಕಂಬದ ಪಕ್ಕ ಮಲಗಿಸಿ ಟಾರ್ಪಾಲು ಹೊದಿಸಿದರು. ಹನ್ನೊಂದಕ್ಕೆ ಮೇಲಿನ ಕೋಣೆಯಲ್ಲಿ ಎಂದಿನ ಸಭೆ ಶುರುವಾಯಿತು, ಬಿಸ್ಕತ್ತಿನ ತಟ್ಟೆ ಹೋಯಿತು. ಟಾರ್ಪಾಲಿನ ಮೇಲೆ ಬಾವುಟದ ನೆರಳು ಆಡುತ್ತಿತ್ತು. ನಾನು ಹಗ್ಗ ಬಿಚ್ಚಿ ಬಾವುಟವನ್ನು ಅರ್ಧಕ್ಕೆ ಇಳಿಸಿದೆ.

ನಿಯಮ ಗೊತ್ತಿಲ್ಲದೆ ಅಲ್ಲ. ನೀವು ಹಂಚಿದ ಕೈಪಿಡಿಯನ್ನು ಬೆರಳಿಟ್ಟು ಓದಿದ್ದೇನೆ. ಮೊದಲ ಬಾವುಟದಲ್ಲಿ ನೀಲಿ, ಬಿಳಿ ಎರಡೇ ಪಟ್ಟಿ ಇದ್ದವಂತೆ. ನೀಲಿ ಎಂದರೆ ಆಕಾಶ, ಬಿಳಿ ಎಂದರೆ ನ್ಯಾಯ. ಬಂದರಿನ ಕೂಲಿಗಳು ನಲವತ್ತು ದಿನ ಕೆಲಸ ನಿಲ್ಲಿಸಿ ಗುಂಡೇಟು ತಿಂದ ಮೇಲೆ ಕೆಳಗೊಂದು ಕಂದು ಪಟ್ಟಿ ಸೇರಿತಂತೆ. ‘ಕಂದು ಬಣ್ಣವು ದುಡಿಯುವ ಕೈಗಳ ಸಂಕೇತ.’ ಪುಟ ಒಂಬತ್ತು. ಬಹಳ ಸಂತೋಷ. ಪುಟ ಇಪ್ಪತ್ತರಲ್ಲಿ ಯಾರು ತೀರಿಕೊಂಡರೆ ಬಾವುಟ ಇಳಿಯಬೇಕೆಂಬ ಯಾದಿ ಇದೆ: ಹಾಲಿಗಳು, ಮಾಜಿಗಳು, ಪರದೇಶದ ದೊರೆಗಳು. ದುಡಿಯುವ ಕೈಯವರು ಒಬ್ಬರೂ ಇಲ್ಲ. ಸ್ವಾಮಿ, ಬಾವುಟದ ಮೂರನೇ ಒಂದು ಭಾಗ ಅವರದಾದರೆ ಯಾದಿಯಲ್ಲಿ ಒಂದು ಸಾಲು ಹೆಚ್ಚಾಯಿತೇ? ಪರದೇಶದ ದೊರೆ ನಮ್ಮ ತೊಟ್ಟಿ ತೊಳೆದಿದ್ದನೇ? ನನಗೆ ಈ ಕೆಲಸ ಕಲಿಸಿದ ಮುದುಕರು ಹಡಗಿನಲ್ಲಿದ್ದವರು. “ಅರ್ಧಕ್ಕೆ ಇಳಿಸ್ದಾಗ ಮೇಲೆ ಬಿಟ್ಟ ಜಾಗ ಖಾಲಿ ಅಲ್ಲ ಕಣೋ, ಅಲ್ಲಿ ಸಾವಿನ ಬಾವುಟ ಹಾರ್ತಿರುತ್ತೆ, ನಮ್ಗೆ ಕಾಣಲ್ಲ ಅಷ್ಟೆ” ಎನ್ನುತ್ತಿದ್ದರು. ಆ ಬಾವುಟಕ್ಕೆ ನಿಮ್ಮ ಯಾದಿ ಗೊತ್ತಿದೆಯೇ?

ನಿಮ್ಮ ವಿಚಾರಣಾಧಿಕಾರಿ ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು. “ನೋಡಪ್ಪ, ಬೇಕೂಂತ ಇಳಿಸ್ದೆ ಅಂದ್ರೆ ಧ್ವಜಕ್ಕೆ ಅವಮಾನ. ಕೆಲ್ಸ ಹೋಗುತ್ತೆ, ಜೈಲೂ ಆಗ್ಬಹುದು. ರಾಟೆ ಸಿಕ್ಕಾಕ್ಕೊಳ್ತು ಅನ್ನು. ರಾಟೆಗೇನು ಹೆಂಡ್ತಿ ಮಕ್ಳಿದಾರಾ?” ಎಂದು ನಕ್ಕರು. ನಾನೂ ನಕ್ಕೆ. ನಕ್ಕು ಸಹಿ ಹಾಕಿದೆ. ಬಟ್ಟೆಯೊಂದು ಎರಡು ಗಂಟೆ ಕೆಳಗಿದ್ದುದಕ್ಕೆ ಹನ್ನೆರಡು ಪುಟದ ವರದಿ ಬಂತು. ಮನುಷ್ಯ ಕೆಳಗೇ ಉಳಿದುದಕ್ಕೆ ಅರ್ಧ ಪುಟವೂ ಬರಲಿಲ್ಲ.

ಉದ್ದಣ್ಣನ ಹೆಂಡತಿ ನಮ್ಮ ಕಚೇರಿಯಲ್ಲೇ ಮೆಟ್ಟಿಲು ಗುಡಿಸುವವಳು. ಆ ದಿನ ಕಂಬದ ಕಡೆ ನೋಡಿ, “ಅಣ್ಣಾ, ಇದು ಇವ್ರಿಗಾ?” ಎಂದಷ್ಟೇ ಕೇಳಿದ್ದಳು. ನಾನು ತಲೆಯಾಡಿಸಿದ್ದೆ. ಮಕ್ಕಳಿಗೂ ಹೇಳಿದ್ದಳಂತೆ, ನಿಮ್ಮಪ್ಪನಿಗೆ ಬಾವುಟ ಇಳಿಸಿದರು ಅಂತ. ವರದಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದ ಮರುದಿನ, ಪೊರಕೆ ನಿಲ್ಲಿಸದೆ, ನನ್ನ ಮುಖ ನೋಡದೆ ಅಂದಳು: “ರಾಟೆ ಕೆಟ್ಟಿತ್ತಂತಲ್ಲಣ್ಣ. ನಾನು ಇವ್ರಿಗೇಂತ ತಿಳ್ಕೊಂಡಿದ್ದೆ. ಹುಚ್ಚಿ ನಾನು.” ಅವಳು ಮುಂದಿನ ಮೆಟ್ಟಿಲಿಗೆ ಹೋದಳು.

ಆದ್ದರಿಂದ ನನ್ನ ಹೇಳಿಕೆಯನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಬಾವುಟವನ್ನು ನಾನೇ, ಬೇಕೆಂದೇ, ಉದ್ದಣ್ಣನಿಗೆಂದೇ ಇಳಿಸಿದೆ. ಜೈಲು ಎಂದರೆ ನನಗೆ ಹೆದರಿಕೆಯೇ, ಸುಳ್ಳೇಕೆ ಹೇಳಲಿ. ಆದರೂ ಕೊಡುವ ಶಿಕ್ಷೆ ಕೊಡಿ. ಆ ಸಾಲನ್ನು ಮಾತ್ರ ಹೊಡೆದುಹಾಕಿ, ನಿಜವಾದ ಸಾಲನ್ನು ಅದೇ ಫಲಕಕ್ಕೆ, ಅವಳಿಗೆ ಕಾಣುವ ಹಾಗೆ ಅಂಟಿಸಿ.

ನನ್ನ ಮಾತು ನಂಬಲಾಗದಿದ್ದರೆ ವರದಿಯ ಕೊನೆಯಲ್ಲಿರುವ ಆ ದಿನದ ಫೋಟೋ ಇನ್ನೊಮ್ಮೆ ನೋಡಿ. ಅದನ್ನು ನೋಡಿದವರೆಲ್ಲ ಮೇಲಿನ ಬಾವುಟವನ್ನೇ ನೋಡಿದ್ದಾರೆ. ನೀವು ಕಂಬದ ಬುಡ ನೋಡಿ. ಹಗ್ಗವನ್ನು ಕೊಕ್ಕೆಗೆ ಅಡ್ಡಡ್ಡ ಸುತ್ತಿ ಬಿಗಿಯಾಗಿ ಕಟ್ಟಿದೆ. ಸಿಕ್ಕಿಕೊಂಡ ಹಗ್ಗವನ್ನು ಯಾರೂ ಹಾಗೆ ಕಟ್ಟುವುದಿಲ್ಲ. ನಾಲ್ಕು ಸುತ್ತು ಇರಬೇಕು, ದಯವಿಟ್ಟು ಎಣಿಸಿ ನೋಡಿ.

ಇಂತಿ,
ಈ ಪತ್ರ ನಿಮ್ಮ ಕೈ ಸೇರುವವರೆಗಾದರೂ ಕೆಲಸದಲ್ಲಿರುವ
ಬಾವುಟದ ಜವಾನ