ಕರಡಿ ಮಾವನ ಮೂರನೇ ಕೈ

ಏಪ್ರಿಲ್ 14, ಬೆಳಗ್ಗೆ 6.30

ಮಾನ್ಯ ಅಧ್ಯಕ್ಷರೇ, ನೆರೆದ ಮಹಾಜನಗಳೇ! (ಅಧ್ಯಕ್ಷರು — ಗೋಡೆ ಗಡಿಯಾರ. ಮಹಾಜನ — ಒಗೆಯಲು ಬಿದ್ದ ಅಂಗಿಗಳು.) ಇಪ್ಪತ್ತೆರಡು ವರ್ಷದಿಂದ ಒಂದೇ ಪ್ರೆಸ್ಸಿನಲ್ಲಿ ಪರರ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತಿರುವ ಈ ಪ್ರೂಫ್ ರೀಡರು, ಒಂದಾನೊಂದು ಕಾಲದಲ್ಲಿ ಕೆಮಿಸ್ಟ್ರಿಯಲ್ಲಿ ಇಡೀ ಕ್ಲಾಸಿಗೇ ಮೊದಲಿಗ, ಇಂದಿನಿಂದ ಮಗಳಿಗೆ ಮೇಷ್ಟ್ರು. ಚಪ್ಪಾಳೆ ಸಾಕು.

ವಿಷಯ ಇಷ್ಟೇ. ಅವಳ ಹೈಸ್ಕೂಲಿನಲ್ಲಿ ಅಡ್ವಾನ್ಸ್ಡ್ ಕೆಮಿಸ್ಟ್ರಿ ಅಂತ ಬೇರೆ ಕ್ಲಾಸು. ಇಪ್ಪತ್ತೇ ಸೀಟು. ರಜೆ ಮುಗಿದ ದಿನವೇ ಟೆಸ್ಟು. ಪುಸ್ತಕ ಈಗಲೇ ಕೊಟ್ಟು ಕಳಿಸಿದ್ದಾರೆ. ಔಷಧಿ ಕಂಡುಹಿಡಿಯುವವಳಂತೆ, ಈ ಕ್ಲಾಸು ಬೇಕೇ ಬೇಕಂತೆ. ಟ್ಯೂಷನ್ ಬೇಡವಂತೆ.

"ಅಪ್ಪ ಇದಾರಲ್ಲ" ಅಂದಳು.

ಮನೆಯವಳು ತರಕಾರಿ ಹೆಚ್ಚುತ್ತಾ — "ಹೌದೌದು. ನಿಮ್ಮಪ್ಪನ ಕೆಮಿಸ್ಟ್ರಿ ಅಂದ್ರೆ ಸುಮ್ನೇನಾ?" ನಿಜ ಗೊತ್ತಿರುವುದು ಅವಳೊಬ್ಬಳಿಗೆ. ನಗಲಿಲ್ಲ. ಅದು ದೊಡ್ಡತನ.

ಏಪ್ರಿಲ್ 17

ಬಸ್ಸಿನಲ್ಲಿ ಒಂದನೇ ಪಾಠ. ಪ್ರೆಸ್ಸಿನಲ್ಲಿ, ಊಟದ ಹೊತ್ತಿಗೆ, ಕರಡಿನ ಕಂತೆಯ ಅಡಿಯಲ್ಲಿಟ್ಟುಕೊಂಡು ಎರಡನೆಯದು. ಮೆಷಿನ್ ನಡೆಸುವವ ಇಣುಕಿದ.

"ಏನ್ ಸಾರ್, ಈ ವಯಸ್ಸಲ್ಲಿ ಪರೀಕ್ಷೆನಾ?"

"ಪ್ರೂಫು ಕಣಯ್ಯ."

ಸಂಜೆ ಅದನ್ನೇ ಮಗಳಿಗೆ ಹೇಳಿಕೊಟ್ಟೆ. ಹುಟ್ಟುತ್ತಲೇ ಗೊತ್ತಿದ್ದವನ ಗತ್ತಿನಲ್ಲಿ. ಅವಳಿಗಿಂತ ಒಂದೇ ಪಾಠ ಮುಂದಿದ್ದೇನೆ. ಜ್ವರ ಬಂದು ಒಂದು ದಿನ ಮಲಗಿದರೆ ನಾನೇ ಶಿಷ್ಯ.

ಏಪ್ರಿಲ್ 26

ಯಾರಿಗೆ ಎಷ್ಟು ಕೈ (ಪುಸ್ತಕದ ಭಾಷೆಯಲ್ಲಿ ವೇಲೆನ್ಸಿ) ಅನ್ನುವುದೇ ಅವಳಿಗೆ ತಲೆನೋವು. ಎಷ್ಟು ಕೈಯೋ ಅಷ್ಟು ಜನರನ್ನು ಹಿಡಿಯಬಹುದು — ಹಾಗಂತ ವಿವರಿಸಿದ್ದೆ. ಬಸ್ಸಿನಲ್ಲಿ ನಿಂತೇ ಪದ್ಯ ಕಟ್ಟಿದೆ. ಪುಸ್ತಕ ನೋಡಲಿಲ್ಲ, ನೆನಪಿನ ಮೇಲೇ.

ಒಂದೇ ಕೈ ನೈಟ್ರೇಟಿಗೆ,
ನಿಂದೇ ಕಾವಲು ಗೇಟಿಗೆ.
ಎರಡು ಕೈ ಸಲ್ಫೇಟಿಗೆ,
ಎರಡೇ ಕಾರ್ಬೊನೇಟಿಗೆ.
ಕರಡಿ ಮಾವ ಫಾಸ್ಫೇಟಿಗೂ
ಎರಡೇ — ಬಿಗಿದರೆ ಏಟಿಗೆ!

ಆದಿಪ್ರಾಸವೂ ಇದೆ, ಅಂತ್ಯಪ್ರಾಸವೂ ಇದೆ. ಮಗಳು ಬಿದ್ದು ಬಿದ್ದು ನಕ್ಕಳು. ಬಟ್ಟೆ ಒಣಹಾಕುವಾಗಲೂ ಕರಡಿ ಮಾವನೇ. ಜನ್ಮ ಸಾರ್ಥಕ.

ಮೇ 4

"ಅಪ್ಪ, ಪುಸ್ತಕದಲ್ಲಿ ಫಾಸ್ಫೇಟಿಗೆ ಮೂರು ಅಂತಿದೆ."

"ಎಲ್ಲಿ, ಕೊಡು."

ಕನ್ನಡಕ ಏರಿಸಿದೆ. ಮೂರು. ಕಣ್ಣು ಇನ್ನೊಮ್ಮೆ ನೋಡಿತು, ಮೂರೇ. ಬಾಯಿ ಮಾತ್ರ ತನ್ನ ಪಾಡಿಗೆ — "ಪ್ರಿಂಟ್ ಮಿಸ್ಟೇಕು ಕಣೇ. ಇಂಥವು ಎಷ್ಟು ನೋಡಿಲ್ಲ ನಾನು."

ಜೇಬಿನಿಂದ ಕೆಂಪು ಪೆನ್ನು ತೆಗೆದೆ. ಮೂರರ ಮೇಲೆ ಅಡ್ಡಗೀಟು, ಅಲ್ಲಿಂದ ಮಾರ್ಜಿನ್ನಿಗೆ ಒಂದು ಬಾಲ, ಬಾಲದ ತುದಿಗೆ ದುಂಡಗೆ ಎರಡು. ಪ್ರೆಸ್ಸಿನಲ್ಲಿ ಮಾಡುವ ಹಾಗೇ.

"ಅಮ್ಮಾ, ಅಪ್ಪ ಪುಸ್ತಕಾನೇ ತಿದ್ದುತ್ತಾರೆ!" ಓಡಿಹೋಗಿ ತೋರಿಸಿದಳು. ಮನೆಯವಳು ಪುಸ್ತಕ ನೋಡಲಿಲ್ಲ. ನನ್ನನ್ನು ನೋಡಿದಳು.

ಮೇ 5

ಕೆಲಸಕ್ಕೆ ಹೋಗುವ ದಾರಿಯಲ್ಲಿ ಲೈಬ್ರರಿಗೆ ನುಗ್ಗಿದೆ. ನಾಲ್ಕು ಪುಸ್ತಕ ತೆಗೆದು ನೋಡಿದೆ. ನಾಲ್ಕರಲ್ಲೂ ಮೂರು.

ಸಂಜೆ ಮಗಳಿಗೆ ಹೇಳಬೇಕು.

ಮೇ 6

ಹೇಳಲಿಲ್ಲ. ಹಾಡುತ್ತಿದ್ದಳು. ಮನೆಯವಳ ಹತ್ತಿರ ಮಾತ್ರ ಬಾಯಿಬಿಟ್ಟೆ.

ಮೇ 19

"ಹೇಳಿದ್ರಾ?" — ಮನೆಯವಳು.

"ನಾಳೆ."

"ತಪ್ಪಾಯ್ತು ಅಂದ್ರೆ ಬಾಯಿಂದ ಮುತ್ತೇನೂ ಉದುರಲ್ಲ."

"ಅದೊಂದೇ ಅಲ್ಲ ಕಣೇ. ಹಾಗಾದ್ರೆ ನೀವು ಓದಿದ್ದೇನು ಅಂತ ಕೇಳ್ತಾಳೆ."

"ಕೇಳ್ಲಿ. ನಿಮಗಾಗಲ್ಲ ಅಂದ್ರೆ ನಾನೇ ಹೇಳ್ತೀನಿ."

"ಬೇಡ, ಬೇಡ. ನಾನೇ ಹೇಳ್ತೀನಿ. ನಿನ್ನಾಣೆ."

ಮೇ 28

ಮನೆಯವಳಿಗೆ ಹೇಳಿದೆ — "ಹೇಳಿಬಿಟ್ಟೆ ಕಣೇ. ನಕ್ಕಳು." ಸಮಾಧಾನದಿಂದ ಇನ್ನೊಂದು ಲೋಟ ಟೀ ಕೊಟ್ಟಳು. ಕುಡಿದೆ.

ಅಷ್ಟು ದಪ್ಪ ಪುಸ್ತಕ. ಟೆಸ್ಟಿನಲ್ಲಿ ಅದನ್ನೇ ಕೇಳುತ್ತಾರಾ...

ಜೂನ್ 3

ಕೇಳಿದ್ದರು.

"ಕ್ಯಾಲ್ಸಿಯಂ ಫಾಸ್ಫೇಟ್ ಬಂದಿತ್ತಪ್ಪ! ಮೊದಲು ಪುಸ್ತಕದಲ್ಲಿದ್ದಂಗೇ ಬರೆದುಬಿಟ್ಟಿದ್ದೆ. ಆಮೇಲೆ ಕರಡಿ ಮಾವ ನೆನಪಾದ. ಹೊಡೆದುಹಾಕಿ ಸರಿ ಮಾಡಿದೆ."

ಕಲೆಸಿದ ಅನ್ನವನ್ನೇ ಮತ್ತೆ ಕಲೆಸಿದೆ.

ಜೂನ್ 9, ಸಂಜೆ

ಹತ್ತೊಂಬತ್ತು ಸೀಟು ತುಂಬಿದೆ. ಇಪ್ಪತ್ತನೆಯದಕ್ಕೆ ಇಬ್ಬರು, ಮಾರ್ಕು ಸಮ. ಒಬ್ಬಳು ನನ್ನ ಮಗಳು. ಕೆಮಿಸ್ಟ್ರಿ ಮೇಡಂ ಇಬ್ಬರನ್ನೂ ಪೋಷಕರ ಜೊತೆ ಬೇರೆ ಬೇರೆಯಾಗಿ ಕರೆಸಿದ್ದರು, ಪುಸ್ತಕ ತರಲು ಹೇಳಿ. ಸ್ಟಾಫ್ ರೂಮು. ಮೂರು ಕುರ್ಚಿ, ಒಂದರ ಕಾಲು ಕುಂಟು. ಅದರಲ್ಲಿ ನಾನು.

ಮೇಡಂ ಉತ್ತರಪತ್ರಿಕೆ ನನ್ನ ಮುಂದೆ ತಿರುಗಿಸಿದರು. "ನೋಡಿ ಸಾರ್, ಸರಿಯಾಗಿ ಬರೆದು ಹೊಡೆದು ಹಾಕಿದಾಳೆ. ಯಾಕಮ್ಮ?" ಪುಸ್ತಕ ತೆರೆದರು. ಆ ಪುಟವೇ. ಕೆಂಪು ಬಾಲ. ಕೆಂಪು ಎರಡು.

"ಯಾರು ಇದನ್ನ ತಿದ್ದಿದ್ದು?"

ಕೆಂಪು ಪೆನ್ನು ನನ್ನ ಜೇಬಿನಲ್ಲೇ ಇತ್ತು, ಕ್ಯಾಪು ಹೊರಗೆ. ಮಗಳು ಅದನ್ನು ನೋಡಿದಳು. ಒಂದು ಹೆಜ್ಜೆ ಸರಿದು ಮೇಡಂಗೂ ನನಗೂ ನಡುವೆ ನಿಂತಳು.

"ನಾನೇ ಮೇಡಂ."

"ನೀನಾ? ಪುಸ್ತಕಕ್ಕೇ ಬುದ್ಧಿ ಹೇಳೋಳಾ? ಯಾರಾದ್ರೂ ತಪ್ಪು ಹೇಳಿಕೊಟ್ಟಿದ್ರೆ ಮಾತು ಬೇರೆ, ಸೀಟು ನಿನಗೇ ಕೊಡ್ತಿದ್ದೆ. ತನಗೆ ತೋಚಿದ್ದೇ ಸರಿ ಅನ್ನೋರನ್ನ ಆಸಿಡ್ ಇರೋ ಲ್ಯಾಬಿಗೆ ಹೆಂಗಮ್ಮ ಬಿಡ್ಲಿ?"

"ಸಾರಿ ಮೇಡಂ."

ನಾನು ಉತ್ತರಪತ್ರಿಕೆಯಲ್ಲಿ ಬೇರೆ ತಪ್ಪು ಹುಡುಕುವವನ ಹಾಗೆ ಬಗ್ಗಿ ಕೂತಿದ್ದೆ. ಲಿಸ್ಟು ನಾಳೆ ಒಂಬತ್ತಕ್ಕೆ ಅಂದರು.

ದಾರಿಯಲ್ಲಿ ಹಾಡಲಿಲ್ಲ. ರಸ್ತೆ ದಾಟುವಾಗ ಕೇಳಿದಳು —

"ನಿಮಗೂ ಗೊತ್ತಿರಲಿಲ್ಲ ಅಲ್ವಾ ಅಪ್ಪ?"

"ಇಲ್ಲ ಪುಟ್ಟಿ."

"ನಂಗೊತ್ತಿತ್ತು, ಗೊತ್ತಿದ್ರೆ ಹೇಳ್ತಿದ್ರಿ" ಅಂದಳು. ಕೈ ಹಿಡಿದುಕೊಂಡಳು.

ಜೂನ್ 10, ಬೆಳಗ್ಗೆ 6.10

ಮಾನ್ಯ ಅಧ್ಯಕ್ಷರೇ...

ಇಲ್ಲ. ಅದು ಗಡಿಯಾರ. ಇವು ಕೊಳೆ ಅಂಗಿಗಳು. ಮೇಲಿನದರ ಜೇಬಿನಲ್ಲಿ ಪೆನ್ನು.

ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲು ನಾನು. ಆಮೇಲೆ ಆರ್ಟ್ಸಿಗೆ ಸೇರಿದೆ. ಡಿಗ್ರಿ ಕನ್ನಡದ್ದು. ಫಾಸ್ಫೇಟಿನ ವಿಷಯ ಮೇ ಐದಕ್ಕೇ ಗೊತ್ತಿತ್ತು. ಟೆಸ್ಟಿಗೆ ಇನ್ನೂ ಇಪ್ಪತ್ತೊಂಬತ್ತು ದಿನ ಇತ್ತು. ಮಗಳು ಸೀಟು ಕಳೆದುಕೊಂಡರೂ ಪರವಾಗಿಲ್ಲ, ಅವಳ ಕಣ್ಣಲ್ಲಿ ನಾನು ಫೇಲಾಗಬಾರದು — ಇಪ್ಪತ್ತೊಂಬತ್ತು ದಿನವೂ ಇದೇ ಲೆಕ್ಕ.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಮಗಳು ಬರ್ತಾ ಇದಾಳೆ. ಒಂಬತ್ತಕ್ಕೆ ಇನ್ನೂ ಹೊತ್ತಿದೆ. ಮೊದಲು ಇವಳಿಗೆ, ಆಮೇಲೆ ಮೇಡಂಗೆ. ಏನಂತ ಶುರು ಮಾಡಲಿ. ಪ್ರಾಸ ಬೇಡ.

ಪುಟ್ಟಿ, ನನಗೆ ಗೊತ್ತಿತ್ತು —