ಹೊಲಿಗೆಯ ಫೋಟೋ ಕೇಳಿದವರಿಗೆ

ಮಾನ್ಯ ಆರೋಗ್ಯ ವಿಮೆಯ ಮಂಜೂರಾತಿ ಅಧಿಕಾರಿಗಳೇ,

ನನ್ನ ಅಮ್ಮನ ಬಲಗಾಲಿಗೆ ಚಿಕಿತ್ಸೆಯೇ ಆಗಿಲ್ಲವೆಂದು ತೀರ್ಮಾನಿಸಿ, ಎಡಗಾಲಿನ ಚಿಕಿತ್ಸೆಯ ಅರ್ಜಿಯನ್ನು ತಡೆಹಿಡಿದಿದ್ದೀರಿ. ಕಾರಣ, ಹೊಲಿಗೆ ಹಾಕಿದ ಗಾಯದ ಫೋಟೋ ಇಲ್ಲ. ನಾನು ಸಿಟ್ಟಿನಲ್ಲಿ ಬರೆಯಬೇಕಿತ್ತು. ಏನು ಮಾಡಲಿ, ಕಿಟಕಿಯಾಚೆ ನನ್ನ ಅಮ್ಮ ಸೊಣ್ಣಮ್ಮ, ನಾನು ಬೇಡವೆಂದರೂ ಕೇಳದೆ, ಕೋಳಿ ಅಟ್ಟುತ್ತಿದ್ದಾಳೆ. ಬಲಗಾಲು ಓಡುತ್ತದೆ, ಎಡಗಾಲು ಕುಂಟುತ್ತ ಹಿಂದೆ ಬರುತ್ತದೆ. ನಗು ತಡೆಯಲಾಗುತ್ತಿಲ್ಲ.

ಹುಣಸಮಾರನಹಳ್ಳಿಯ ನಮ್ಮ ಮನೆಯಿಂದ ಹಾಲಿನ ಡೇರಿ ಇನ್ನೂರು ಹೆಜ್ಜೆ. ಕಾಲಿನ ರಕ್ತನಾಳಗಳು ಕಟ್ಟಿಕೊಂಡು ಅಮ್ಮ ಅಷ್ಟಕ್ಕೇ ಮೂರು ಕಡೆ ಕೂರುತ್ತಿದ್ದಳು. ಆಸ್ಪತ್ರೆಯಲ್ಲಿ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಆಗಿರುವ ವೈದ್ಯೆಯೊಬ್ಬರು ಎಡತೊಡೆಯ ಸಂದಿನಲ್ಲಿ ಸೂಜಿ ಚುಚ್ಚಿ, ತೆಳ್ಳನೆಯ ತಂತಿ ಬಿಟ್ಟು, ಎಕ್ಸ್‌ರೇ ಪರದೆ ನೋಡುತ್ತ, ಹೊಟ್ಟೆಯ ಕೆಳಗೆ ತಿರುವು ತೆಗೆದುಕೊಂಡು ಬಲಗಾಲಿಗೆ ಇಳಿದರು. ಕಟ್ಟಿದ ಜಾಗದಲ್ಲಿ ಪುಟ್ಟ ಬಲೂನು ಉಬ್ಬಿಸಿದರು. ರಕ್ತ ಹರಿಯಿತು! ಅಮ್ಮ ಎಚ್ಚರವಾಗಿಯೇ ಇದ್ದಳು, ಮರುದಿನ ಮನೆಗೆ ಬಂದಳು. ಗರ್ಭಕೋಶದ ಗಡ್ಡೆಗೆ ರಕ್ತ ತಪ್ಪಿಸಿ ಅದನ್ನು ಬಾಡಿಸುವುದು, ಒಳಗೊಳಗೇ ಸೋರುವ ನಾಳ ಮುಚ್ಚುವುದು, ಎಲ್ಲವೂ ಇವರಿಗೆ ಇಂಥದೇ ಸೂಜಿತೂತಿನ ಕೆಲಸವಂತೆ. ಸದಾ ವಾಹನ ಕಟ್ಟಿಕೊಂಡಿರುವ ಹೆಬ್ಬಾಳದ ಫ್ಲೈಓವರನ್ನೂ ಇವರ ಕೈಗೇ ಕೊಡಬಾರದೇ ಅನಿಸಿದ್ದು ಸುಳ್ಳಲ್ಲ.

ನಮ್ಮ ಕಡೆ ಆಪರೇಷನ್ ಆದವರು ನೋಡಲು ಬಂದವರಿಗೆ ಗಾಯ ತೋರಿಸುವುದು ರೂಢಿ. ಎಳನೀರು ಹಿಡಿದು ಬಂದ ಸೋದರಮಾವ ಚಿಕ್ಕಬೈರಪ್ಪ ಮುಖ ಸಪ್ಪೆ ಮಾಡಿಕೊಂಡರು.

"ಇದೇನಕ್ಕಾ, ಒಂದು ಒಲಿಗೇನೂ ಇಲ್ಲ? ಇಂಗೂ ಆಪರೇಸನ್ ಮಾಡ್ತಾರಾ?"

ಅಮ್ಮನಿಗೆ ಅವಮಾನವಾಯಿತು. ತೊಡೆಸಂದಿನ ಚುಕ್ಕೆ ತೋರಿಸಲು ನಾಚಿಕೆ. ಮಾರನೆಯ ದಿನ ಬಲ ಮೊಣಕಾಲಿಗೆ ಹಳೆ ಪಂಚೆಯ ಪಟ್ಟಿ ಬಿಗಿದು, ಅರಿಶಿನ ಬಳಿದು, ನರಳುತ್ತ ಕೂತಳು. ನೆಂಟರಿಗೆ ಪರಮ ತೃಪ್ತಿ. ಅದೇ ಹೊತ್ತಿಗೆ ನಿಮ್ಮ ಪರಿಶೀಲಕರು ಬಂದು ಪಟ್ಟಿ ಬಿಚ್ಚಿಸಿದರು.

"ಏನ್ರೀ, ಗಾಯಾನೇ ಇಲ್ವಲ್ಲ? ನಮ್ ಹತ್ರಾನೇ ನಾಟಕನಾ?"

ಚುಚ್ಚಿದ್ದು ಎಡತೊಡೆಗೆ ಎಂದೆ.

"ಬಲಗಾಲ್ ಕೆಟ್ರೆ ಎಡಕ್ಕೆ ಯಾಕ್ರೀ ಚುಚ್ತಾರೆ?" ಎಂದವರೇ ಏನೋ ಬರೆದುಕೊಂಡು ಹೊರಟರು.

ಪಟ್ಟಿ ಕಟ್ಟಿದ ತಪ್ಪು ನಮ್ಮದೇ, ಒಪ್ಪಿದೆ. ಆದರೆ ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ರಕ್ತನಾಳದ ಎಕ್ಸ್‌ರೇ ಚಿತ್ರಗಳ ಸಿ.ಡಿ. ನಿಮ್ಮ ಕಡತದಲ್ಲೇ ಇದೆಯಲ್ಲ? ಅದನ್ನು ತೆರೆದು ನೋಡಲು ಯಾರ ಮಂಜೂರಾತಿ ಬೇಕು? ಹೊಲಿಗೆ ನೋಡಿ ಕಾಯಿಲೆ ಅಳೆಯುವುದು ನಮ್ಮ ನೆಂಟರ ಪದ್ಧತಿ ಎಂದುಕೊಂಡಿದ್ದೆ, ಅದು ಕಚೇರಿಯ ನಿಯಮವೂ ಹೌದೆಂದು ತಿಳಿದಿರಲಿಲ್ಲ. ನಮ್ಮ ಮಾವನನ್ನೇ ನಿಮ್ಮಲ್ಲಿ ತಜ್ಞರಾಗಿ ನೇಮಿಸಿಕೊಳ್ಳಿ, ಎಳನೀರೂ ಸಿಗುತ್ತದೆ.

ಅರ್ಜಿ ಹಾಕಿದಾಗ ಎಡಗಾಲಿನಲ್ಲಿ ನೋವಷ್ಟೇ ಇತ್ತು. ಈಗ ಹೆಬ್ಬೆರಳ ತುದಿ ಕಪ್ಪಾಗುತ್ತಿದೆ. ವಾರದೊಳಗೆ ನಾಳ ತೆರೆಯದಿದ್ದರೆ ಬೆರಳು ತೆಗೆಯಬೇಕಾಗಬಹುದು ಎಂದಿದ್ದಾರೆ ವೈದ್ಯೆ. ಇದೊಂದನ್ನು ಬರೆಯುವಾಗ ಮಾತ್ರ ನಗು ಬರಲಿಲ್ಲ, ಭಯವಾಯಿತು.

ಸೋಮವಾರದೊಳಗೆ ಸಹಿ ಹಾಕಿ. ಇಲ್ಲವಾದರೆ ಬೆರಳು ಕತ್ತರಿಸುವ ಅರ್ಜಿಯನ್ನೇ ತರುತ್ತೇನೆ. ಅದಕ್ಕೆ ನಿಮ್ಮ ತಕರಾರು ಇರಲಾರದು. ಹೊಲಿಗೆ ಎದ್ದು ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ಇಂತಿ,
ಸದ್ಯಕ್ಕೆ ಹತ್ತೂ ಕಾಲ್ಬೆರಳಿರುವ ಸೊಣ್ಣಮ್ಮನ ಮಗಳು,
ಪದ್ಮಶ್ರೀ